ಹುರಿದ ಮೈಲುತುತ್ತ

ಆ ಮೇಡಮ್ಮಿನ ಹೆಸರು ಕೇಳಿದರೆ ಸಾಕು, ಜಂಬಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಹೆಸರು ವಿಶಾಖಾ. ಮಾನ್ವಿಯ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವವಳು. ಅವಳೇನು ಜಂಬಮ್ಮನ ಹೊಲ ಒತ್ತಿರಲಿಲ್ಲ, ಕುರಿ ಹೊಡೆದುಕೊಂಡು ಹೋಗಿರಲಿಲ್ಲ. ಒಬ್ಬಳೇ ಮಗಳನ್ನು ಬಗಲಿನಿಂದ ಮೆಲ್ಲಗೆ ಎಳೆದುಕೊಳ್ಳುತ್ತಿದ್ದಳು, ಅಷ್ಟೇ.

ಮಗಳು ಪ್ರಿಯದರ್ಶಿನಿ. ಹಿರೇಕೊಟ್ನೆಕಲ್ಲಿನಿಂದ ದಿನಾ ಬಸ್ಸಿಗೆ ಹೋಗಿ ಬರುವ ಹುಡುಗಿ, ಪಿಯು ಎರಡನೇ ವರ್ಷ. ಹೋದ ವರ್ಷದವರೆಗೂ ಅವಳಿಗೆ ಅವ್ವ ಹೇಳಿದ್ದೇ ಮಾತು. ಕುರಿಗೆ ಜ್ವರ ಬಂದರೂ ಅವ್ವ, ರವಿಕೆಗೆ ಬಟ್ಟೆ ಆರಿಸಬೇಕಾದರೂ ಅವ್ವ, ಕನಸು ಬಿದ್ದರೂ ಮೊದಲು ಅವ್ವನಿಗೆ. ಈಗ ಬಾಯಿ ತೆರೆದರೆ ಮೇಡಮ್. ಮೇಡಮ್ ಹಿಂಗಂದ್ರು, ಮೇಡಮ್ ಹಂಗ ನಕ್ಕರು, ಮೇಡಮ್ ಹತ್ತಿ ಸೀರಿ ಅಷ್ಟ ಉಡತಾರ. ಒಂದು ದಿನ ಜಂಬಮ್ಮ ಕುದಿಯುವ ಬೇಳೆಗೆ ಉಪ್ಪು ಹಾಕುತ್ತಿದ್ದಾಗ ಹುಡುಗಿ ಪಕ್ಕದಲ್ಲಿ ನಿಂತು, "ಯವ್ವಾ, ಅದು ಎಷ್ಟು ಗ್ರಾಂ ಆತು?" ಎಂದು ಕೇಳಿದಳು.

"ನಿನ್ನ ನಾಲಿಗಿಗಿ ಹತ್ತುವಷ್ಟು," ಎಂದಳು ಜಂಬಮ್ಮ. "ಹದಿನೇಳು ವರ್ಷ ತಿಂದಿಯಲ್ಲ, ಆಗ ಎಲ್ಲಿತ್ತು ನಿನ್ನ ಗ್ರಾಂ?"

ವಿಶಾಖಾ ಪರಕೀಯಳಾಗಿದ್ದರೆ ಇಷ್ಟು ನೋವಾಗುತ್ತಿರಲಿಲ್ಲವೇನೋ. ಜಂಬಮ್ಮನ ತವರು ದೇವದುರ್ಗದ ಕಡೆಯ ಜಾಲಹಳ್ಳಿ. ಅಲ್ಲಿ ಪರಕಾರ ಉಟ್ಟು ಓಡಾಡುವ ವಯಸ್ಸಿನಲ್ಲಿ ಅವಳ ಜೊತೆ ಹತ್ತಿ ಬಿಡಿಸುತ್ತಿದ್ದ ಗೋಪಮ್ಮನ ಮಗಳೇ ಈ ವಿಶಾಖಾ. ಜಂಬಮ್ಮ ಊರ ಸಾಲಿಯಲ್ಲಿ ಏಳನೇ ಇಯತ್ತೆ ಮುಗಿಸಿದವಳು, ಮಗ್ಗಿ ಹೇಳುವುದರಲ್ಲಿ ಗಂಡುಹುಡುಗರನ್ನು ಹಿಂದೆ ಹಾಕಿದವಳು. ಗೋಪಮ್ಮ ಸಾಲಿ ಮೆಟ್ಟಿಲು ಹತ್ತಿರಲಿಲ್ಲ. ಹತ್ತಿ ತೂಗುವಾಗ, "ಜಂಬೀ, ನನ್ನದು ಎಷ್ಟಾತು ನೋಡ" ಎಂದು ಇವಳನ್ನೇ ಕೇಳುತ್ತಿದ್ದಳು. ಅಂಥ ಗೋಪಮ್ಮನ ಮಗಳು ಈಗ ಹೆಗಲಿಗೆ ಚೀಲ ಏರಿಸಿಕೊಂಡು ರಾಯಚೂರಿನಿಂದ ಮಾನ್ವಿಗೆ ಬಂದು, ಜಂಬಮ್ಮನ ಮಗಳಿಗೆ ಲೆಕ್ಕ ಹೇಳಿಕೊಡುತ್ತಾಳೆ. ಕೊಡಲಿ, ಸಂಬಳ ತಗೊಳ್ಳುತ್ತಾಳೆ. ಆದರೆ ಜಂಬಮ್ಮನಿಗೂ ಲೆಕ್ಕ ಹೇಳಿಕೊಡಲು ಬಂದಳಲ್ಲ, ಅಲ್ಲಿ ಕೆಟ್ಟಿತು.

ಮಳೆಗಾಲದಲ್ಲಿ ಕೆಸರು ತುಳಿದು ಕುರಿಗಳ ಗೊರಸು ಕೊಳೆಯುತ್ತದೆ. ಅದಕ್ಕೆ ಮೈಲುತುತ್ತದ ನೀರು. ತಗಡಿನ ಅಗಲ ತೊಟ್ಟಿಯಲ್ಲಿ ನೀರು ನಿಲ್ಲಿಸಿ, ನೀಲಿ ಹರಳು ಕರಗಿಸಿ, ಒಂದೊಂದೇ ಕುರಿಯನ್ನು ಅದರಲ್ಲಿ ನಡೆಸಿ ದಾಟಿಸಬೇಕು. ಹರಳು ಹೆಚ್ಚಾದರೆ ಚರ್ಮ ಸುಡುತ್ತದೆ, ಕಡಿಮೆಯಾದರೆ ರೋಗ ಬಿಡುವುದಿಲ್ಲ. ಹಿರೇಕೊಟ್ನೆಕಲ್ಲಿನಲ್ಲಿ ಅದಕ್ಕೆ ಕೈ ಎಂದರೆ ಜಂಬಮ್ಮನ ಕೈ. ಗಂಡ ರೇವಣಸಿದ್ದ ಹಿಂಡು ಮೇಯಿಸುವವನೇ ಹೊರತು ತೊಟ್ಟಿಗೆ ಕೈ ಹಾಕುತ್ತಿರಲಿಲ್ಲ. ಪಕ್ಕದ ಹಟ್ಟಿಯವರೂ ಬಂದು, "ಅಕ್ಕಾ, ಒಂದೀಟು ಬಂದು ಹಾಕಿ ಹೋಗು" ಎಂದು ಕರೆಯುತ್ತಿದ್ದರು. ಇಷ್ಟು ನೀರಿಗೆ ಇಷ್ಟು ಹಿಡಿ, ಅವಳ ಹಿಡಿ. ಗಾಯ ಆಳವಾಗಿದ್ದರೆ ಬೇರೆ ಮದ್ದು. ಹಿತ್ತಲಲ್ಲಿ ಒಡೆದ ಹಂಚೊಂದನ್ನು ಇದಕ್ಕೆಂದೇ ಇಟ್ಟಿದ್ದಳು. ಅದರಲ್ಲಿ ಹರಳನ್ನು ಬೆಳ್ಳಗಾಗುವವರೆಗೂ ಹುರಿದು, ಪುಡಿಮಾಡಿ, ಔಡಲ ಎಣ್ಣೆಯಲ್ಲಿ ಕಲಸಿ ಹಚ್ಚುವುದು. ಹುರಿದರೆ ಹಸಿ ಹೋಗುತ್ತದೆ ಎಂದು ಅವಳಪ್ಪ ಹೇಳಿಕೊಟ್ಟಿದ್ದ.

ಇದನ್ನೆಲ್ಲ ಪ್ರಿಯದರ್ಶಿನಿ ಕ್ಲಾಸಿನಲ್ಲಿ ಹೇಳಿದಳು. ಮೇಡಮ್ಮಿಗೆ ಖುಷಿಯೋ ಖುಷಿ. ರಾಯಚೂರಿನಲ್ಲಿ ನಡೆಯುವ ಜಿಲ್ಲಾ ವಿಜ್ಞಾನ ಪ್ರದರ್ಶನಕ್ಕೆ ಇದನ್ನೇ ಮಾಡೋಣ ಎಂದಳು. ಕುರಿ ಕಾಲಿನ ನೀರು ಎಷ್ಟು ಮೋಲಾರ್ ಇರಬೇಕು? ಹುಡುಗಿ ಮನೆಗೆ ಬಂದು ಒಲೆಯ ಮುಂದೆ ಕೂತು ವಿವರಿಸಿದಳು.

"ಮೋಲ್ ಅಂದ್ರ ಎಣಿಕಿ ಬೇ. ಡಜನ್ ಅಂತೀವಲ್ಲ, ಹಂಗ. ಇದು ಭಾಳ ಅಂದ್ರ ಭಾಳ ದೊಡ್ಡ ಡಜನ್. ಮೈಲುತುತ್ತದ ಕಣ ಕಣ್ಣಿಗಿ ಕಾಣಂಗಿಲ್ಲ, ಎಣಿಸಾಕ ಬರಂಗಿಲ್ಲ. ಅದಕ್ಕ ತೂಕ ಮಾಡಿ ಎಣಿಸಬೇಕು. ಒಂದು ಮೋಲಿಗಿ ಎರಡನೂರಾ ನಲವತ್ತೊಂಬತ್ತೂವರಿ ಗ್ರಾಂ. ಒಂದು ಲೀಟರಿನಾಗ ಐವತ್ತು ಗ್ರಾಂ ಇದ್ರ, ಐವತ್ತನ್ನ ಅದರಿಂದ ಭಾಗಿಸು, ಪಾಯಿಂಟ್ ಎರಡು ಬರತದ. ಪಾಯಿಂಟ್ ಎರಡು ಮೋಲಾರ್. ಕುರಿ ಕಾಲಿಗಿ ಅಷ್ಟ ಸಾಕು."

"ಮತ್ತ ನನ್ನ ಹಿಡಿ?"

ಹುಡುಗಿ ಬೂದಿಯಲ್ಲಿ ಗೆರೆ ಎಳೆಯುತ್ತ ಕೂತಳು. "ನಿನ್ನ ತೊಟ್ಟಿ ನೀರು ಬಾಟ್ಲಿನಾಗ ಒಯ್ದಿದ್ದೆ ಬೇ. ಮೇಡಮ್ ಬಣ್ಣ ಹೋಲಿಸಿ ನೋಡಿದ್ರು. ಒಂದೊಂದು ಸಲ ಒಂದೊಂದು ಥರ ಅದ. ಒಂದರಾಗಂತೂ ದುಪ್ಪಟ್ಟು. ಹೋದ ವರ್ಷ ಮರಿಗಳ ಕಾಲು ಸುಟ್ಟಿದ್ದು ಅದಕ್ಕ ಇರಬೇಕು ಅಂದ್ರು."

ಜಂಬಮ್ಮ ಕೈಯಲ್ಲಿದ್ದ ರೊಟ್ಟಿಯನ್ನು ಬುಟ್ಟಿಗೆ ಎಸೆದಳು. "ಗೋಪಿ ಮಗಳು ನನ್ನ ಕೈ ತಪ್ಪು ಅಂದಳಾ?"

"ತಪ್ಪು ಅಂದಿಲ್ಲ. ಅಳತಿ ಅಲ್ಲ ಅಂದ್ರು."

"ಎರಡೂ ಒಂದ!"

ಉರಿಯುವ ಒಲೆಗೆ ಇನ್ನಷ್ಟು ಸೌದೆ ತುರುಕಿದಂತೆ, ಮರುವಾರ ಆ ವಿಶಾಖಾ ಮನೆಗೇ ಬಂದಳು. ಚಾಪೆಯ ಮೇಲೆ ಕೂತು, ಚಹಾ ಕುಡಿದು, ಮೆಲ್ಲಗೆ ವಿಷಯ ತೆಗೆದಳು. "ಅಕ್ಕಾ, ಪಿಯು ಮುಗಿದ ಮ್ಯಾಲೆ ಈಕಿ ಬಿಎಸ್ಸಿ ಮಾಡಬೇಕ್ರಿ. ಕೆಮಿಸ್ಟ್ರಿಯಾಗ ಭಾಳ ಚುರುಕು ಅದಾಳ. ರಾಯಚೂರಿನಾಗ ನಮ್ಮ ಮನಿಯಾಗ ಇರಲಿ. ನಾನು, ನಮ್ಮವ್ವ, ಇಬ್ಬರ ಇರೋದು. ಪ್ರದರ್ಶನಕ್ಕ ಬಂದಾಗ ನಿಮ್ಮ ಮಾತು ಹೇಳ್ರಿ."

ಪ್ರಿಯದರ್ಶಿನಿಯ ಕಣ್ಣು ಆಗಲೇ ರಾಯಚೂರಿನಲ್ಲಿತ್ತು. ಜಂಬಮ್ಮ ಅದನ್ನು ನೋಡಿದಳು. ಮಗಳು ಓದಬಾರದು ಎಂದು ಅವಳಿಗೆ ಒಂದು ದಿನವೂ ಅನಿಸಿರಲಿಲ್ಲ. ಆದರೆ ಆ ಮನೆಯಲ್ಲಿ ಎದ್ದು, ಆ ಮನೆಯಲ್ಲಿ ಉಂಡು, ಸಂಜೆ ಆ ಮೇಡಮ್ಮಿನ ಬಗಲಲ್ಲಿ ಕೂತು ಹರಟುವುದು ಕಣ್ಣಿಗೆ ಕಟ್ಟಿತು. ಬೇಡ ಎನ್ನಬೇಕು. ಬೇಡ ಎನ್ನಲು ಕಾರಣ ಬೇಕು. ಅಂದಿನಿಂದ ಅವಳು ಆ ಕಾರಣವನ್ನು ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ ಹುಡುಕತೊಡಗಿದಳು.

ಪ್ರದರ್ಶನದ ಹಿಂದಿನ ದಿನ ಎಲ್ಲ ಜೋಡಿಸಿ ಇಡಬೇಕೆಂದು ಹುಡುಗಿ ಮೇಡಮ್ಮಿನ ಜೊತೆ ರಾಯಚೂರಿಗೆ ಹೋದಳು. ರಾತ್ರಿ ಅವರ ಮನೆಯಲ್ಲೇ ವಸ್ತಿ. ಜಂಬಮ್ಮನಿಗೆ ಮನೆ ಹಿಡಿಸಲಿಲ್ಲ. ಗೂಡಿನಲ್ಲಿ ಮಗಳು ಬಿಟ್ಟುಹೋದ ಒಂದು ಪೊಟ್ಟಣ ಕಂಡಿತು. ಪ್ಲಾಸ್ಟಿಕ್ ಚೀಲ, ಒಳಗೆ ನೀಲಿ ಹರಳು, ಮೇಲೆ ಮಗಳ ಅಕ್ಷರದಲ್ಲಿ '50 ಗ್ರಾಂ'. ಕಾಲೇಜಿನ ತಕ್ಕಡಿಯಲ್ಲಿ ತೂಗಿದ್ದು. ಜಂಬಮ್ಮ ಕೈ ಹಾಕಿ ನೋಡಿದಳು. ಹರಳು ತಣ್ಣಗೆ, ತೇವ ಇದ್ದಂತೆ ಹತ್ತಿತು.

"ಹಸಿ ಮಾಲು," ಎಂದುಕೊಂಡಳು. ಮಾಲಿಗೆ ನೀರು ಚಿಮುಕಿಸಿ ತೂಕ ಏರಿಸುವ ವ್ಯಾಪಾರಿಗಳನ್ನು ದೇವದುರ್ಗದ ಸಂತೆಯಲ್ಲಿ ಅಪ್ಪನ ಜೊತೆ ನಿಂತು ನೋಡಿದವಳು ಅವಳು. ಮೇಡಮ್ ಓದಿದವಳಿರಬಹುದು, ಸಂತೆ ಮಾಡಿದವಳಲ್ಲ. ಜಂಬಮ್ಮ ಹಿತ್ತಲಿಗೆ ಹೋಗಿ ಮೂರು ಕಲ್ಲಿನ ಮೇಲೆ ಒಡೆದ ಹಂಚಿಟ್ಟು, ಮೂಗಿಗೆ ಸೆರಗು ಕಟ್ಟಿಕೊಂಡು, ಸಣ್ಣ ಉರಿಯಲ್ಲಿ ಆ ಪೊಟ್ಟಣವನ್ನು ಹುರಿದಳು. ನೀಲಿ ಮಾಸಿತು, ಬೂದು ಬಣ್ಣಕ್ಕೆ ತಿರುಗಿತು, ಕೊನೆಗೆ ಸುಣ್ಣದ ಪುಡಿಯಂತೆ ಬೆಳ್ಳಗಾಯಿತು. ಒಂದು ಕಾಳೂ ಚೆಲ್ಲದಂತೆ ಡಬ್ಬಿಗೆ ತುಂಬಿಕೊಂಡು ಇನಾಯತ್‌ನ ಕಿರಾಣಿ ಅಂಗಡಿಗೆ ನಡೆದಳು.

"ಇದೇನಕ್ಕಾ, ಸೋಡಾನಾ?" ಎಂದ ಇನಾಯತ್.

"ನಿನ್ನ ಮೂಗು ಒಳಗ ಹಾಕಬ್ಯಾಡ. ತೂಗು."

ಇನಾಯತ್ ಖಾಲಿ ಡಬ್ಬಿಯ ತೂಕ ಕಳೆದು ಹೇಳಿದ, "ಮೂವತ್ತೆರಡು ಗ್ರಾಂ."

"ಇನ್ನೊಮ್ಮಿ ನೋಡು."

"ನೂರು ಸಲ ನೋಡಿದ್ರೂ ಮೂವತ್ತೆರಡ ಅಕ್ಕಾ. ನನ್ನ ತಕ್ಕಡಿ ನಿನ್ನ ಬಾಯಿಗಿ ಹೆದರಂಗಿಲ್ಲ."

ಜಂಬಮ್ಮ ಆ ದಿನ ಮೊದಲ ಬಾರಿಗೆ ನಕ್ಕಳು. ಐವತ್ತರಲ್ಲಿ ಹದಿನೆಂಟು ನೀರು! ಮಗಳಿಗೆ ನೀರು ತೂಗಿ ಲೆಕ್ಕ ಹೇಳಿಕೊಟ್ಟಿದ್ದಾಳೆ ಮೇಡಮ್. ಇಂಥವಳ ಕೈಗೆ ಮಗಳನ್ನು ಕೊಡಬೇಕಾ? ಕಾರಣ ಸಿಕ್ಕಿತು. ಅದೂ ಡಬ್ಬಿಯಲ್ಲಿ ಹಾಕಿ ಒಯ್ಯಬಹುದಾದ ಕಾರಣ.

ಮರುದಿನ ಬೆಳಗಿನ ಬಸ್ಸು ಹಿಡಿದು ಮಾನ್ವಿಗೆ, ಅಲ್ಲಿಂದ ರಾಯಚೂರಿಗೆ ಬಂದಳು. ಪ್ರದರ್ಶನ ನಡೆದಿದ್ದ ಕಟ್ಟಡದ ತುಂಬ ಹುಡುಗರ ಗಲಾಟೆ. ದೇವದುರ್ಗದ ಹುಡುಗರು ಹನಿ ನೀರಾವರಿಯ ಮಾದರಿ ತಂದು ನೆಲವೆಲ್ಲ ಒದ್ದೆ ಮಾಡಿದ್ದರು. ಅವರ ಪಕ್ಕದ ಮೇಜಿನ ಹಿಂದೆ ಪ್ರಿಯದರ್ಶಿನಿ ನಿಂತಿದ್ದಳು. ಮುಂದೆ ಉದ್ದ ಕತ್ತಿನ ಒಂದು ಗಾಜಿನ ಪಾತ್ರೆ, ತುಂಬ ನೀಲಿ ನೀರು. ಪಕ್ಕಕ್ಕೆ ಚಿಕ್ಕ ತಕ್ಕಡಿ.

ಜಂಬಮ್ಮನ ಕಣ್ಣು ಅದಾವುದಕ್ಕೂ ಹೋಗಲಿಲ್ಲ. ಮಗಳ ಜಡೆಗೆ ಹೋಯಿತು. ದಿನಾ ಎಣ್ಣೆ ಹಚ್ಚಿ ಬಿಗಿಯಾಗಿ ತಾನು ಹೆಣೆಯುವ ಎರಡು ಜಡೆ ಎಲ್ಲಿ? ಒಂದೇ ಸಡಿಲ ಜಡೆ, ಕಿವಿಯ ಮೇಲೆ ಚಿಟ್ಟೆಯಂಥ ಕ್ಲಿಪ್ಪು. ಬೇರೆ ಕೈಯಾಡಿದ ತಲೆ.

"ಯವ್ವಾ! ಬಂದಿ?" ಎಂದು ಹುಡುಗಿ ಕುಣಿದಳು. "ನೋಡು, ಮೇಡಮ್ ಹಾಕಿದ್ದು, ಛಲೋ ಕಾಣತದಲ್ಲ?"

"ಕಾಣತದ, ಕಾಣತದ," ಎಂದಳು ಜಂಬಮ್ಮ. ಹಲ್ಲು ಕಚ್ಚಿಕೊಂಡಿದ್ದಳು.

ಆಗಲೇ ತೀರ್ಪುಗಾರರು ಆ ಮೇಜಿಗೆ ಬಂದರು. ಮುಂದೆ ಇದ್ದವರು ಫರ್ಹೀನ್ ಎಂಬ ಹಿರಿಯ ಹೆಂಗಸು, ಎಷ್ಟೋ ವರ್ಷ ಕೆಮಿಸ್ಟ್ರಿ ಕಲಿಸಿದವರು. ವಿಶಾಖಾ ಹಿಂದೆ ನಿಂತಿದ್ದಳು. ಪ್ರಿಯದರ್ಶಿನಿ ಗಂಟಲು ಸರಿಮಾಡಿಕೊಂಡು, "ಐವತ್ತು ಗ್ರಾಂ ಮೈಲುತುತ್ತ..." ಎಂದು ಶುರು ಮಾಡಿದ್ದಳು ಅಷ್ಟೇ.

"ಐವತ್ತಲ್ಲ!" ಜಂಬಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದು ಡಬ್ಬಿಯನ್ನು ಮೇಜಿನ ಮೇಲೆ ಕುಟ್ಟಿದಳು. "ಮೂವತ್ತೆರಡು! ಉಳಿದದ್ದು ನೀರು. ಹುರಿದು ತೂಗಿ ತಂದೀನಿ. ಹಸಿ ಮಾಲು ತೂಗಿ ನನ್ನ ಮಗಳಿಗಿ ಲೆಕ್ಕ ಕಲಿಸ್ಯಾರ ಈ ಮೇಡಮ್ಮಾರು. ನನ್ನ ಹಿಡಿ ಅಳತಿ ಅಲ್ಲ ಅಂದ್ರಲ್ಲ, ಇದು ಅಳತೀನಾ? ತೂಗ್ರಿ ಇಲ್ಲೇ, ಎಲ್ಲಾರೂ ನೋಡಲಿ!"

ಸುತ್ತಲಿನ ಗಲಾಟೆ ನಿಂತಿತು. ದೇವದುರ್ಗದ ಹುಡುಗನೊಬ್ಬ ಕಿಸಕ್ಕನೆ ನಕ್ಕ.

"ಯವ್ವಾ, ಇಲ್ಲಿ ಬ್ಯಾಡ ಬೇ..." ಪ್ರಿಯದರ್ಶಿನಿಯ ಮುಖ ಕೆಂಪಾಗಿ, ಕಣ್ಣು ತುಂಬಿ ಬಂತು. ವಿಶಾಖಾ ಏನೋ ಹೇಳಲು ಬಾಯಿ ತೆರೆದಳು. ಫರ್ಹೀನ್ ಕೈ ಅಡ್ಡ ಹಿಡಿದರು.

"ನೀವು ಸುಮ್ಮನಿರ್ರಿ ಮೇಡಮ್. ಹುಡುಗಿ ಹೇಳಲಿ. ಏನಮ್ಮಾ, ನಿಮ್ಮವ್ವ ಹೇಳೋದು ಖರೇನಾ?"

ಹುಡುಗಿ ಒಂದು ಗಳಿಗೆ ಮೇಡಮ್ಮನ್ನು ನೋಡಿದಳು, ಒಂದು ಗಳಿಗೆ ಅವ್ವನನ್ನು. ಅವಳು ಯಾರ ಕಡೆ ನಿಲ್ಲುತ್ತಾಳೋ ಎಂದು ಜಂಬಮ್ಮ ಕಣ್ಣು ಕೀಳದೆ ನೋಡಿದಳು. ಆಮೇಲೆ ಹುಡುಗಿ ಕಣ್ಣೊರೆಸಿಕೊಂಡು ಡಬ್ಬಿಯ ಪುಡಿಯನ್ನು ತಕ್ಕಡಿಗೆ ಸುರಿದಳು. ಮೂವತ್ತೆರಡು.

"ಖರೇ ಅದ ಮೇಡಮ್. ನಮ್ಮವ್ವ ಹೇಳಿದಂಗ ಇದರಾಗಿಂದ ಹದಿನೆಂಟು ಗ್ರಾಂ ನೀರು ಹೋಗ್ಯದ. ಆದ್ರ ಅದು ಯಾರೋ ಚಿಮುಕಿಸಿದ ನೀರಲ್ಲ. ಹರಳು ಕಟ್ಟಿಕೊಳ್ಳುವಾಗ ತನ್ನೊಳಗ ಹಿಡಕೊಂಡ ನೀರು. ಒಂದೊಂದು ಕಣಕ್ಕ ಐದೈದು ನೀರಿನ ಕಣ."

ಅವಳು ಬೆರಳ ತುದಿಯಿಂದ ಪುಡಿಯ ಮೇಲೆ ಒಂದು ಹನಿ ನೀರು ಬಿಟ್ಟಳು. ಬಿಳಿ ಪುಡಿ ಹನಿ ಬಿದ್ದಲ್ಲೇ ಗಕ್ಕನೆ ನೀಲಿಯಾಯಿತು. ನಗುತ್ತಿದ್ದ ಹುಡುಗ ಮುಂದೆ ಬಗ್ಗಿದ.

"ಮತ್ತ ಲೆಕ್ಕ ತಪ್ಪಿತಲ್ಲ?" ಫರ್ಹೀನ್ ಕೆಣಕಿದರು.

"ಇಲ್ರಿ." ಹುಡುಗಿ ಅವ್ವನ ಕಡೆಗೇ ತಿರುಗಿ ನಿಂತಳು. "ಯವ್ವಾ, ಕಂಬಳಿಗಂತ ನಮ್ಮ ಕುರಿ ಉಣ್ಣಿ ಕತ್ತರಿಸತೀವಲ್ಲ. ಕತ್ತರಿಸೋಕಿಂತ ಮೊದಲು ಹಿಂಡು ತೂಗಿದ್ರ ಒಂದು ತೂಕ, ಕತ್ತರಿಸಿದ ಮ್ಯಾಲೆ ತೂಗಿದ್ರ ಕಡಿಮಿ. ಕುರಿ ಕಡಿಮಿ ಆದವಾ?"

"ಕುರಿ ಯಾಕ ಕಡಿಮಿ ಆಗತಾವ?" ಎಂದಳು ಜಂಬಮ್ಮ, ಸಿಟ್ಟಿನಲ್ಲೇ.

"ಇದೂ ಹಂಗ ಬೇ. ನೀರು ಅಂದ್ರ ಉಣ್ಣಿ. ಉಣ್ಣಿ ಇದ್ದಾಗ ಒಂದು ಮೋಲಿಗಿ ಎರಡನೂರಾ ನಲವತ್ತೊಂಬತ್ತೂವರಿ. ಐವತ್ತನ್ನ ಅದರಿಂದ ಭಾಗಿಸಿದ್ರ ಪಾಯಿಂಟ್ ಎರಡು. ಉಣ್ಣಿ ತೆಗೆದ್ರ ಒಂದು ಮೋಲಿಗಿ ನೂರಾ ಐವತ್ತೊಂಬತ್ತೂವರಿ. ನಿನ್ನ ಮೂವತ್ತೆರಡನ್ನ ಅದರಿಂದ ಭಾಗಿಸು. ಅದೂ ಪಾಯಿಂಟ್ ಎರಡು. ನೀ ಹುರಿದ್ರೂ ಅಷ್ಟ, ಹುರೀದಿದ್ರೂ ಅಷ್ಟ."

ಅಷ್ಟಕ್ಕೇ ಬಿಡಲಿಲ್ಲ. ಇನ್ನೊಂದು ಖಾಲಿ ಪಾತ್ರೆ ತೆಗೆದುಕೊಂಡು, ಅವ್ವನ ಪುಡಿಯನ್ನೆಲ್ಲ ಅದಕ್ಕೆ ಹಾಕಿ, ಸ್ವಲ್ಪ ನೀರಿನಲ್ಲಿ ಕರಗಿಸಿ, ಆಮೇಲೆ ಕತ್ತಿನ ಮೇಲಿದ್ದ ಒಂದು ಲೀಟರಿನ ಗೆರೆಯವರೆಗೂ ನೀರು ಹನಿಸಿದಳು. ಎರಡು ಪಾತ್ರೆಗಳನ್ನೂ ಜೋಡಿಸಿ ಇಟ್ಟಾಗ ಯಾವುದು ಹುರಿದದ್ದು, ಯಾವುದು ಹುರಿಯದ್ದು ಎಂದು ಹೇಳಲು ಯಾರಿಂದಲೂ ಆಗಲಿಲ್ಲ. ಜಂಬಮ್ಮನಿಂದಲೂ.

ಫರ್ಹೀನ್ ಹುಡುಗಿಯ ಬೆನ್ನು ತಟ್ಟಿದರು. ಮಧ್ಯಾಹ್ನ ಬಹುಮಾನ ಕೂಗಿದಾಗ ಮೊದಲನೆಯದು ದೇವದುರ್ಗದ ಹುಡುಗರಿಗೆ, ಎರಡನೆಯದು ಪ್ರಿಯದರ್ಶಿನಿಗೆ. "ಮಾರ್ಗದರ್ಶನ, ಉಪನ್ಯಾಸಕಿ ವಿಶಾಖಾ" ಎಂದು ಮೈಕಿನಲ್ಲಿ ಹೇಳಿದರು. ವಿಶಾಖಾ ವೇದಿಕೆ ಹತ್ತಿ ಹುಡುಗಿಯ ಹೆಗಲ ಮೇಲೆ ಕೈ ಹಾಕಿ ಫೋಟೋಕ್ಕೆ ನಿಂತಳು. ಕೆಳಗೆ, ಕುರ್ಚಿಗಳ ಕೊನೆಯ ಸಾಲಿನಲ್ಲಿ, ಜಂಬಮ್ಮ ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹುರಿದವಳು ನಾನು, ಹೊತ್ತು ತಂದವಳು ನಾನು, ಹೆಸರು ಆಕೆಗೆ. ಅವಮಾನ ಮಾಡಲು ತಂದ ಡಬ್ಬಿಯೇ ಆಕೆಗೆ ಮಾಲೆ ಹಾಕಿಸಿತಲ್ಲ.

ಹೊರಗೆ ಬೇವಿನ ಮರದ ಕೆಳಗೆ ವಿಶಾಖಾ ತಾನೇ ಬಂದು ಎದುರು ನಿಂತಳು. ಪ್ರಿಯದರ್ಶಿನಿ ಒಂದು ಹೆಜ್ಜೆ ಹಿಂದೆ.

"ಅಕ್ಕಾ, ಏನು ವಿಚಾರ ಮಾಡಿದ್ರಿ? ನಮ್ಮ ಮನಿಗಿ ಕಳಸತೀರಿ?"

"ಇಲ್ಲ," ಎಂದಳು ಜಂಬಮ್ಮ. "ಓದಲಿ. ಬ್ಯಾಡ ಅನ್ನಂಗಿಲ್ಲ. ಹಾಸ್ಟೆಲಿನಾಗ ಇರತಾಳ. ನಿಮ್ಮ ಮನಿಯಾಗಲ್ಲ."

"ಯವ್ವಾ!" ಎಂದಳು ಹುಡುಗಿ.

ವಿಶಾಖಾಳ ಮುಖ ಬಿಗಿಯಿತು. ಬೆಳಗಿನಿಂದ ಅಷ್ಟು ಮಾತು ಕೇಳಿಯೂ ಬಿಗಿಯದ ಮುಖ. ಅವಳು ಹುಡುಗಿಗೆ ಕೇಳದಷ್ಟು ಮೆಲ್ಲಗೆ ಕೇಳಿದಳು, "ನಮ್ಮ ಕೇರಿ ಮಂದಿ ಮನಿ ಅಂತನಾ ಅಕ್ಕಾ? ಹಂಗಿದ್ರ ಹೇಳಿಬಿಡ್ರಿ. ನನಗ ಹೊಸದಲ್ಲ."

ಜಂಬಮ್ಮ ಬೆಂಕಿ ತುಳಿದವಳಂತೆ ಸಿಡಿದಳು. ಬಹುವಚನ ಎಲ್ಲಿ ಹೋಯಿತೋ! "ಏನಂದಿ? ನಿಮ್ಮವ್ವ ಗೋಪಿ ಕಟ್ಟಿಕೊಂಡು ಬಂದ ಬುತ್ತಿ ಹೊಲದಾಗ ಕಸಕೊಂಡು ತಿಂದಾಕಿ ನಾನು! ಅದಕ್ಕ ನಮ್ಮ ಮನಿಯಾಗ ಬೈಸಿಕೊಂಡೀನಿ, ಹೊಡತಾನೂ ತಿಂದೀನಿ, ಕೇಳು ಹೋಗಿ ನಿಮ್ಮವ್ವಗ. ಆ ಮಾತು ನನ್ನ ಮುಂದ ಆಡಬ್ಯಾಡ."

"ಮತ್ತ ಯಾಕ?"

"ಯಾಕಂದ್ರ..." ಜಂಬಮ್ಮ ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿದಳು. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ; ಹೇಳಲು ಹೋದರೂ ಬಾಯಿ ಕೇಳುತ್ತಿರಲಿಲ್ಲ. "ಯಾಕಂದ್ರ ಆಕಿ ಒಂದಿನ ನಿದ್ದಿಗಣ್ಣಿನಾಗ ನಿನಗ ಅವ್ವಾ ಅಂತಾಳ. ಅಂದ ಅಂತಾಳ. ಈಗಾಗಲೇ ಅರ್ಧ ನಿನ್ನಾಕಿ ಆಗ್ಯಾಳ. ಹೊಟ್ಟಿ ಉರೀತದ ನನಗ. ನಿನ್ನ ಸೀರಿ ಕಂಡ್ರ ಉರೀತದ, ನಿನ್ನ ಚೀಲ ಕಂಡ್ರ ಉರೀತದ. ಸಾಕಾ?"

ವಿಶಾಖಾಳ ಬಿಗಿದ ಮುಖ ಸಡಿಲವಾಯಿತು. "ಅಕ್ಕಾ, ಲೆಕ್ಕ ತಪ್ಪಿದಾಗ ನಾನೂ ಆಕಿಗಿ ಬೈತೀನಿ. ಆಗ ಏನಂತಾಳ ಗೊತ್ತದೇನು? 'ನಮ್ಮವ್ವ ಇದಕ್ಕಿಂತ ಛಲೋ ಬೈತಾಳ್ರಿ ಮೇಡಮ್' ಅಂತಾಳ. ಇವತ್ತು ನೋಡಿದೆ. ಖರೇ ಅದ."

ಜಂಬಮ್ಮ ನಗಬಾರದೆಂದು ಮುಖ ತಿರುಗಿಸಿದಳು.

"ಹಾಸ್ಟೆಲ್ ಅರ್ಜಿ ನಾನ ಹಾಕಿಸತೀನಿ ಬಿಡ್ರಿ," ಎಂದಳು ವಿಶಾಖಾ.

"ಹಾಕಿಸು. ರವಿವಾರಕ್ಕೊಮ್ಮಿ ನಿಮ್ಮ ಮನಿಗಿ ಬಂದು ಗೋಪಿ ಕೈ ರೊಟ್ಟಿ ತಿನ್ನಲಿ, ನಾ ಬ್ಯಾಡ ಅನ್ನಂಗಿಲ್ಲ." ಜಂಬಮ್ಮ ಎರಡು ಹೆಜ್ಜೆ ಹೋದವಳು ತಿರುಗಿ ಬೆರಳು ತೋರಿಸಿದಳು. "ತಲಿ ಮಾತ್ರ ಮುಟ್ಟಬ್ಯಾಡ."

ರಾಯಚೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಾನ್ವಿಯ ಬಸ್ಸು ಇನ್ನೂ ಬಂದಿರಲಿಲ್ಲ. ಪ್ರಿಯದರ್ಶಿನಿ ಮುಖ ಊದಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಜಂಬಮ್ಮ ಅವಳ ಹಿಂದೆ ಕೂತು, ಕೇಳದೆಯೇ ಆ ಚಿಟ್ಟೆ ಕ್ಲಿಪ್ಪು ಬಿಚ್ಚಿ ಅವಳ ಕೈಗೆ ಕೊಟ್ಟಳು. ಸಡಿಲ ಜಡೆ ಬಿಡಿಸಿ, ಕೈಚೀಲದಿಂದ ಬಾಚಣಿಗೆ ತೆಗೆದು, ಬೈತಲೆ ಸೀಳಿ ಎರಡು ಪಾಲು ಮಾಡಿದಳು.

"ಎಲ್ಲರ ಮುಂದ ಮರ್ಯಾದಿ ತೆಗೆದಿ," ಎಂದಳು ಮಗಳು.

"ತೆಗೆದೆ," ಎಂದಳು ಅವ್ವ. ಬಾಚಣಿಗೆ ನಿಲ್ಲಲಿಲ್ಲ. "ಹೋದ ವರ್ಷ ಮರಿ ಕಾಲು ಸುಟ್ಟಿದ್ದೂ ನಾನ. ಬರೋ ಮಳಿಗಾಲಕ್ಕ ತೊಟ್ಟಿ ಲೆಕ್ಕ ನೀ ಹೇಳು, ಹಂಗ ಹಾಕತೀನಿ."

ಹುಡುಗಿ ತಿರುಗಿ ನೋಡಲು ಹೋದಳು. ಜಂಬಮ್ಮ ಅವಳ ತಲೆಯನ್ನು ಮತ್ತೆ ಮುಂದಕ್ಕೆ ತಿರುಗಿಸಿದಳು. ಒಂದು ಜಡೆ ಮುಗಿಯಿತು. ಬೆಳಗಿನಿಂದ ಒಂದು ಮಾತು ಜಂಬಮ್ಮನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಅದನ್ನು ಕೇಳದಿರಲು ಆಗಲಿಲ್ಲ.

"ಆ ಉಣ್ಣಿ ಮಾತು. ಅದೂ ಮೇಡಮ್ ಹೇಳಿಕೊಟ್ಟಿದ್ದೇನು?"

"ಮೇಡಮ್ಮಾ?" ಹುಡುಗಿಗೆ ನಗು ಬಂತು. "ಮೇಡಮ್ ಉಣ್ಣಿ ಕತ್ತರಿಸಿದ್ದು ಎಲ್ಲಿ ನೋಡ್ಯಾರ ಬೇ? ನೀ ಡಬ್ಬಿ ಕುಟ್ಟಿದಾಗ ನನಗ ನಮ್ಮ ಹಟ್ಟಿ ನೆನಪಾತು. ನೀ ಕುರಿ ಕಾಲು ಕಟ್ಟಿ ಕೆಡವಿ ಕತ್ತರಿಸತೀಯಲ್ಲ, ಅದು."

ಜಂಬಮ್ಮ ಎರಡನೆಯ ಜಡೆಯನ್ನು ಇನ್ನಷ್ಟು ಬಿಗಿಯಾಗಿ ಎಳೆದಳು.

"ಆಯ್, ನೋಯತದ ಬೇ!"

"ನೋಯಲಿ. ಆ ಲೆಕ್ಕ ಇನ್ನೊಮ್ಮಿ ಹೇಳು. ಉಣ್ಣಿ ಇದ್ದಾಗ ಎಷ್ಟು, ತೆಗೆದಾಗ ಎಷ್ಟು."

ಲೆಕ್ಕ ಅವ್ವನಿಗೆ ಬೆಳಿಗ್ಗೆಯೇ ತಿಳಿದಿತ್ತು. ಹುಡುಗಿ ಹೇಳತೊಡಗಿದಳು. ಮಾನ್ವಿಯ ಬಸ್ಸು ಬಂದು ನಿಂತು, ಕಂಡಕ್ಟರ್ ಕೂಗತೊಡಗಿದರೂ, ಜಂಬಮ್ಮ ಜಡೆಯ ತುದಿ ಬಿಡದೆ ಕೂತು ಕೇಳುತ್ತಿದ್ದಳು.